ಏನೂ ಬೆಳೆಯದ ತಟ್ಟೆ

೬-೨-೧೯೮೩, ಭಾನುವಾರ. ತುಮಕೂರು ಆಸ್ಪತ್ರೆ

ಇವರನ್ನು ಇವತ್ತು ಇಲ್ಲಿ ಅಡ್ಮಿಟ್ ಮಾಡಿಕೊಂಡರು. ಗಂಡಸರ ವಾರ್ಡು, ಹನ್ನೊಂದನೇ ಬೆಡ್ಡು. ಅತ್ತೆಯೂ ನಾನೂ ಬೆಡ್ಡಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡಿದ್ದೇವೆ.

ಕೈಗೆ ಪೆಟ್ಟಾಗಿ ಹನ್ನೆರಡು ದಿನವಾಯಿತು. ಗುಬ್ಬಿ ಹತ್ತಿರ ಯಾರದೋ ತೋಟದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಕಾಯಿ ಕುಕ್ಕುವಾಗ ಅದು ಜಾರಿ, ಮೊನೆ ಬಲ ಅಂಗೈಗೆ ಹೊಕ್ಕಿತು. ದಿನಕ್ಕೆ ಸಾವಿರ ಕಾಯಿ ಸುಲಿಯುವ ಕೈ ಅದು. ಊರಿನ ಕಾಂಪೌಂಡರ್ ಅಡವಿಯಪ್ಪ ಎರಡು ಇಂಜೆಕ್ಷನ್ ಹಾಕಿ, ಅತ್ತೆಯ ಕೈಗೆ ಒಂದು ಪೊಟ್ಟಣ ಕ್ಯಾಪ್ಸೂಲ್ ಕೊಟ್ಟಿದ್ದ. "ನುಂಗೋದ್ ಬ್ಯಾಡ. ಬಿಚ್ಚಿ ಒಳಗಿರೋ ಪುಡೀನ ಗಾಯದ್ ಮೇಲೆ ಉದುರ್ಸು. ಒಣ್ಗೋಯ್ತದೆ" ಎಂದಿದ್ದ. ಹಳದಿ ಪುಡಿ. ಎರಡು ದಿನ ಒಣಗಿದ ಹಾಗೆ ಕಂಡಿತು. ಆಮೇಲೆ ಮೊಣಕೈವರೆಗೂ ಊದಿಕೊಂಡಿತು.

ಇಲ್ಲಿನ ಡಾಕ್ಟರ ಹೆಸರು ಲಕ್ಷ್ಮೀನರಸಿಂಹಯ್ಯ. ಇನ್ನೂ ಚಿಕ್ಕ ವಯಸ್ಸು. ನಾಡಿದ್ದು ಗಾಯದ ಕೀವು ತೆಗೆದು ಲ್ಯಾಬಿಗೆ ಕಳಿಸುತ್ತಾರಂತೆ. ಆ ಕ್ರಿಮಿ ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ಅಲ್ಲಿ ನೋಡುತ್ತಾರಂತೆ. ಅವರು ಹೇಳುವಾಗ ನಾನು ಕಂಬದ ಹಿಂದೆ ನಿಂತಿದ್ದೆ. ಅದನ್ನು ಹೇಗೆ ನೋಡುತ್ತಾರೆ ಎಂದು ಕೇಳಬೇಕೆನಿಸಿತು, ಬಾಯಿ ಬರಲಿಲ್ಲ. ಮದುವೆಯಾಗಿ ಎಂಟು ತಿಂಗಳಾದರೂ ಅತ್ತೆಯ ಎದುರಿಗೇ ನನಗೆ ಬಾಯಿ ಬರುವುದಿಲ್ಲ, ಇನ್ನು ಡಾಕ್ಟರ ಎದುರಿಗೆ ಎಲ್ಲಿಂದ ಬರಬೇಕು? ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಬರೆಯುವುದೊಂದು ಬರುತ್ತದೆ. ಅಪ್ಪ ಕೊಟ್ಟ ಈ ಡೈರಿ ನಾಲ್ಕು ವರ್ಷ ಹಳೆಯದು, ಅಚ್ಚಾದ ವಾರಗಳು ಈಗ ಹೊಂದುವುದಿಲ್ಲ. ಹೊಡೆದುಹಾಕಿ ಮೇಲೆ ಬರೆಯುತ್ತೇನೆ.

೮-೨-೧೯೮೩, ಮಂಗಳವಾರ

ವಾರ್ಡಿನವರು ಏಳುವ ಮೊದಲೇ ಅತ್ತೆ ಎದ್ದು ಕ್ಯಾಂಟೀನಿನಿಂದ ಕೆಟಲ್‌ನಲ್ಲಿ ಬಿಸಿನೀರು ತಂದರು. ಸೆರಗಿನ ಮರೆಯಿಂದ ಡೆಟಾಲ್ ಬಾಟಲಿ ತೆಗೆದು ಅದಕ್ಕೆ ಸುರಿದರು. ನೀರು ಬೆಳ್ಳಗಾಯಿತು.

"ಸಿದ್ದಿ, ಕೆಟಲ್ ಹಿಡ್ಕಳೇ. ಡಾಕ್ಟ್ರು ಬಂದು ಕೈ ನೋಡೋ ದಿವ್ಸ. ಇಂಥಾ ನಾತದ್ ಕೈನ ದೊಡ್ಡೋರ್ ಮುಂದೆ ಹಿಡಿಯೋದಾ? ಮನೆಗ್ ಬರೋರ್ಗೆ ಕೊಳಕ್ ಚಾಪೆ ಹಾಸ್ತೀವಾ?"

ಬ್ಯಾಂಡೇಜನ್ನು ಹುಷಾರಾಗಿ ಬಿಚ್ಚಿ, ಗಾಯದ ಗುಳಿಯೊಳಕ್ಕೆಲ್ಲ ಬೆರಳಿಗೆ ಬಟ್ಟೆ ಸುತ್ತಿ ತೊಳೆದರು. ನಾನು ನೀರು ಬಿಟ್ಟೆ. ಇವರು ಹಲ್ಲು ಕಚ್ಚಿಕೊಂಡು ಗೋಡೆಯ ಕಡೆ ನೋಡುತ್ತಿದ್ದರು. ತೊಳೆದ ಮೇಲೆ ಗಾಯ ನಿಜಕ್ಕೂ ಚೆನ್ನಾಗಿ ಕಂಡಿತು, ದಾಳಿಂಬೆ ಬಿಡಿಸಿದ ಹಾಗೆ ಕೆಂಪಗೆ. ಅತ್ತೆ ಅದೇ ಬ್ಯಾಂಡೇಜನ್ನು ಒಳಗಿನ ಮಗ್ಗುಲು ಹೊರಗೆ ಮಾಡಿ ಮತ್ತೆ ಸುತ್ತಿದರು.

ಒಂಬತ್ತು ಗಂಟೆಗೆ ಡಾಕ್ಟರೂ ಸಿಸ್ಟರೂ ಬಂದರು. ಡಾಕ್ಟರು ಕಡ್ಡಿಗೆ ಸುತ್ತಿದ ಹತ್ತಿಯನ್ನು ಗಾಯದಲ್ಲಿ ಆಡಿಸಿ ಗಾಜಿನ ಕೊಳವೆಯಲ್ಲಿ ಇಟ್ಟರು. "ಪರವಾಗಿಲ್ವೇ, ನಾನು ಅಂದ್ಕೊಂಡಿದ್ದಕ್ಕಿಂತ ಕ್ಲೀನಾಗಿದೆ" ಎಂದರು. ಅತ್ತೆ ನನ್ನ ಕಡೆ ನೋಡಿದರು. ನೋಡಿದೆಯಾ ಎನ್ನುವ ಹಾಗೆ.

ಕೊಳವೆಯನ್ನು ಲ್ಯಾಬಿಗೆ ಕೊಟ್ಟು ಬರಲು ನನ್ನನ್ನೇ ಕಳಿಸಿದರು. ಲ್ಯಾಬಿನ ಕಿಟಕಿಯಲ್ಲಿ ಬೆಟ್ಟಯ್ಯ ಎನ್ನುವವರು ಕೂರುತ್ತಾರೆ. ಐವತ್ತರ ಮೇಲಿದ್ದಾರೆ.

"ಪೇಷೆಂಟ್ ಹೆಸ್ರೇನಮ್ಮ?"

ನಾನು ನೆಲ ನೋಡಿದೆ.

"ಓಹೋ, ಯಜಮಾನ್ರಾ? ಹೆಸ್ರು ಹೇಳಿದ್ರೆ ಆಯಸ್ಸು ಕಮ್ಮಿಯಾಗುತ್ತಾ? ಹೇಳ್ದಿದ್ರೆ ರಿಪೋರ್ಟ್ ಇನ್ನೊಬ್ರಿಗೆ ಹೋಗುತ್ತಮ್ಮ."

ಪೆನ್ಸಿಲ್ ಕೇಳಿ ಚೀಟಿಯ ಮೇಲೆ ಬರೆದುಕೊಟ್ಟೆ. "ಅಕ್ಷರ ಮುತ್ತಿನ ಹಂಗೈತಲ್ಲಮ್ಮ" ಎಂದರು. ಓಡಿ ಬಂದುಬಿಟ್ಟೆ.

೧೦-೨-೧೯೮೩, ಗುರುವಾರ

ರಿಪೋರ್ಟು ಬಂತು. ಏನೂ ಬೆಳೆದಿಲ್ಲವಂತೆ! ಕೀವಿನಲ್ಲಿ ಕ್ರಿಮಿಯೇ ಇಲ್ಲ.

ಅತ್ತೆ ಕ್ಯಾಂಟೀನಿನಿಂದ ಸಕ್ಕರೆ ತಂದು ಅಕ್ಕಪಕ್ಕದ ಬೆಡ್ಡಿನವರಿಗೆಲ್ಲ ಒಂದೊಂದು ಚಿಟಿಕೆ ಕೊಟ್ಟರು. ಹನ್ನೆರಡನೇ ಬೆಡ್ಡಿನ ಪುಟ್ಟರಂಗಯ್ಯ ನಮ್ಮ ತವರಿನ ಕಡೆಯವರು, ಕುಣಿಗಲ್ ಆಚೆಯ ಮಾರ್ಕೋನಹಳ್ಳಿ. ಕಾಲುವೆ ದುರಸ್ತಿಯಲ್ಲಿ ಕಾಲಿನ ಮೇಲೆ ಗುದ್ದಲಿ ಬಿದ್ದು ಪಾದ ಕೊಳೆತು ಬಂದಿದ್ದಾರೆ. ಅವರ ಕೀವಿನಲ್ಲಿ ಮಾತ್ರ ಬೇಕಾದಷ್ಟು ಬೆಳೆದಿದೆಯಂತೆ.

"ನೋಡವ್ವಾ ಚಿಕ್ಕಗಂಗಮ್ಮ, ನಿನ್ ಮಗಂದು ಬಂಜರು, ನಂದು ನೀರಾವರಿ" ಎಂದರು. ವಾರ್ಡೆಲ್ಲ ನಕ್ಕಿತು. ನನಗೂ ನಗು ಬಂತು, ಸೆರಗು ಬಾಯಿಗಿಟ್ಟುಕೊಂಡೆ.

ಆದರೆ ಸಾಯಂಕಾಲ ಇವರ ಮೈ ಸುಡುತ್ತಿತ್ತು. ಕ್ರಿಮಿ ಇಲ್ಲವೆಂದ ಮೇಲೆ ಜ್ವರ ಎಲ್ಲಿಂದ?

೧೧-೨-೧೯೮೩

ಜ್ವರ. ಬೆಳಿಗ್ಗೆ ತೊಳೆದದ್ದು, ಸಾಯಂಕಾಲ ಡಾಕ್ಟರು ಹೋದ ಮೇಲೆ ಅತ್ತೆ ಹಳದಿ ಪುಡಿ ಹಾಕಿದ್ದು. ಅದೇ.

೧೩-೨-೧೯೮೩, ಭಾನುವಾರ

ಪುಟ್ಟರಂಗಯ್ಯನವರಿಗೆ ರಿಪೋರ್ಟು ನೋಡಿ ಇಂಜೆಕ್ಷನ್ ಬದಲಾಯಿಸಿದರಂತೆ. ಮೂರೇ ದಿನಕ್ಕೆ ಪಾದದ ಊತ ಇಳಿದಿದೆ. ಇವತ್ತು ಎದ್ದು ಕೂತು ಮುದ್ದೆ ಕೇಳಿದರು. ಅವರ ಕಾಲು ಇಳಿಯುತ್ತಿದೆ, ಇವರ ಕೈ ಏರುತ್ತಿದೆ. ಮೊದಲು ಯಾರಿಗೆ ಜಾಸ್ತಿಯಾಗಿತ್ತು? ಅವರಿಗೇ ಅಲ್ಲವೇ? ಕ್ರಿಮಿ ಇದ್ದವರು ವಾಸಿಯಾಗುವುದು, ಇಲ್ಲದವರು ನರಳುವುದು. ಇದು ಯಾವ ಲೆಕ್ಕವೋ ನನಗೆ ತಿಳಿಯುತ್ತಿಲ್ಲ.

ಅತ್ತೆ ಡಾಕ್ಟರಿಗೆ ಕೈ ಮುಗಿದು, "ಸಾಮಿ, ಪಕ್ಕದ ಬೆಡ್ಡಿನ್ ಅಣ್ಣಯ್ಯಂಗೆ ಚುಚ್ಚಿದ್ರಲ್ಲ, ಅದ್ನೇ ನನ್ ಮಗಂಗೂ ಚುಚ್ಚಿ" ಎಂದು ಕೇಳಿದರು.

"ಅವ್ರ ಕ್ರಿಮಿ ಬೇರೆ, ನಿಮ್ಮ ಮಗನ ಕ್ರಿಮಿ ಬೇರೆ ಇರಬಹುದಮ್ಮ. ಒಂದು ಬೀಗದ ಕೈ ಇನ್ನೊಂದು ಬೀಗಕ್ಕೆ ಆಗುತ್ತಾ?"

"ಕ್ರಿಮೀನೇ ಇಲ್ಲ ಅಂದ್ರಲ್ಲ ಸಾಮಿ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರಿಗೂ ತಿಳಿಯುತ್ತಿಲ್ಲವೆಂದು ನನಗೆ ಆಗ ಗೊತ್ತಾಯಿತು. ಡಾಕ್ಟರಿಗೇ ತಿಳಿಯದಿದ್ದರೆ ಯಾರನ್ನು ಕೇಳುವುದು? "ಬೆಳಿಗ್ಗೆ ನೋಡಿದ್ರೆ ಗಾಯ ಕ್ಲೀನು. ಸಾಯಂಕಾಲ ನೋಡಿದ್ರೆ ನೂರಾ ಮೂರು ಜ್ವರ" ಎಂದು ಸಿಸ್ಟರಿಗೆ ಹೇಳುತ್ತಿದ್ದರು. ನಾಳೆ ಇನ್ನೊಂದು ಸಲ ಕೀವು ತೆಗೆಯುತ್ತಾರೆ.

ಸಿಸ್ಟರು ಹೋಗುವಾಗ, "ಎಲ್ರೂ ಈ ಅಜ್ಜಿ ತರ ಪೇಷೆಂಟ್‌ನ ಚೊಕ್ಕಟವಾಗಿ ಇಟ್ಕೊಂಡ್ರೆ ನಮ್ ಕೆಲ್ಸ ಅರ್ಧ ಕಮ್ಮಿ" ಎಂದರು. ಜ್ವರ ಶುರುವಾದ ಮೇಲೆ ಮೊದಲ ಸಲ ಅತ್ತೆಯ ಮುಖ ಅರಳಿದ್ದು ಕಂಡೆ.

೧೪-೨-೧೯೮೩, ಸೋಮವಾರ

ತೊಳೆದೆವು. ಇವತ್ತು ಎರಡು ಕೆಟಲ್ ನೀರು. ವಾಸನೆ ಹೋಗಲೇ ಇಲ್ಲವೆಂದು ಅತ್ತೆ ಡೆಟಾಲನ್ನು ನೀರು ಬೆರೆಸದೆ ಹಾಗೇ ಸುರಿದರು. ಇವರು ಮೊದಲ ಸಲ ಕೂಗಿಕೊಂಡರು. ನಾನು ಲ್ಯಾಬಿಗೆ ಚೀಟಿ ಬರೆದುಕೊಟ್ಟು ಬಂದೆ.

೧೬-೨-೧೯೮೩, ಬುಧವಾರ

ಇವತ್ತು ಅಕ್ಷರ ಸೊಟ್ಟ ಬರುತ್ತಿದೆ.

ಮತ್ತೆ ಏನೂ ಬೆಳೆದಿಲ್ಲ. ಈ ಸಲ ಅತ್ತೆ ಸಕ್ಕರೆ ಹಂಚಲಿಲ್ಲ. ಕಿರುಬೆರಳು, ಉಂಗುರದ ಬೆರಳು ಕಪ್ಪಾಗಿವೆ. ಡಾಕ್ಟರು ನಮ್ಮಿಬ್ಬರನ್ನೂ ವರಾಂಡಕ್ಕೆ ಕರೆದು ಹೇಳಿದರು: "ಯಾವ ಔಷಧಿ ಕೊಡಬೇಕು ಅಂತಾನೇ ಗೊತ್ತಾಗ್ತಿಲ್ಲ. ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ ಆಗ್ತಿದೆ. ನಾಡಿದ್ದು ಇನ್ನೊಂದು ಸಲ ನೋಡ್ತೀನಿ. ಅದೂ ಹೀಗೇ ಬಂದ್ರೆ, ಮಣಿಕಟ್ಟಿನ ಹತ್ರ ಕೈ ತೆಗೀಬೇಕಾಗುತ್ತೆ. ಇಲ್ಲದಿದ್ರೆ ವಿಷ ಮೈಗೆ ಏರುತ್ತೆ."

ಅತ್ತೆ ಅಳಲಿಲ್ಲ. "ಬಲಗೈ ಕಣೇ ಅದು" ಎಂದರು, ನನಗೆ ಗೊತ್ತಿಲ್ಲದ ಹಾಗೆ.

ರಿಪೋರ್ಟು ತಪ್ಪಿರಬಹುದು, ಚೀಟಿ ಅದಲುಬದಲಾಗಿರಬಹುದು ಎಂದುಕೊಂಡು ಲ್ಯಾಬಿಗೆ ಹೋದೆ. ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದೆ. ಎಷ್ಟು ಹೊತ್ತೋ. ಬೆಟ್ಟಯ್ಯನವರೇ ನೋಡಿ ಒಳಕ್ಕೆ ಕರೆದರು. "ಬಾಮ್ಮ, ನಿನ್ ಕಣ್ಣಾರೆ ನೋಡ್ಬುಡು."

ಮುಚ್ಚಳವಿರುವ ಎರಡು ಗಾಜಿನ ತಟ್ಟೆ ತೆಗೆದರು, ಅಂಗೈಯಷ್ಟು ಅಗಲ. ತಳದಲ್ಲಿ ಗಂಜಿ ಹೆಪ್ಪುಗಟ್ಟಿದ ಹಾಗೆ ಏನೋ ಹಾಕಿರುತ್ತಾರೆ. ಅದು ಕ್ರಿಮಿಯ ಊಟವಂತೆ. ಕೀವನ್ನು ಅದರ ಮೇಲೆ ಸವರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಕ್ರಿಮಿ ಪೈರಿನ ಹಾಗೆ ಏಳುತ್ತದೆ. ಒಂದು ತಟ್ಟೆ ಪುಟ್ಟರಂಗಯ್ಯನವರದು. ತಟ್ಟೆಯ ತುಂಬ ಮಂಜು ಕವಿದ ಹಾಗಿತ್ತು. ಅದರ ಮೇಲೆ ಅಲ್ಲಲ್ಲಿ ಕುಂಕುಮದ ಬೊಟ್ಟಿನಷ್ಟು ದೊಡ್ಡ ಬಿಳಿ ಕಾಗದದ ಚುಕ್ಕಿ.

"ಒಂದೊಂದ್ ಚುಕ್ಕೀಲಿ ಒಂದೊಂದ್ ಔಷಧಿ. ಈ ಚುಕ್ಕಿ ಸುತ್ತ ನೋಡು, ಬಳೆ ಹಂಗೆ ಬೋಳಾಗೈತಾ? ಅಲ್ಲಿ ಕ್ರಿಮಿ ಸತ್ತದೆ. ಇದೇ ಔಷಧಿ ಕೊಟ್ರು, ಆವಯ್ಯ ಎದ್ದು ಕೂತ. ಈ ಕಡೆ ಚುಕ್ಕಿ ನೋಡು, ಅಂಚಿನ್ ತನ್ಕ ಬಂದು ಕೂತವೆ. ಇದ್ಕೆ ಜಗ್ಗಲ್ಲ."

ಎರಡನೇ ತಟ್ಟೆ ಇವರದು. ಬೋಳು. ಒಂದು ಕಲೆಯೂ ಇಲ್ಲ. ಮೊದಲು ನೋಡಿದಾಗ ಇದೇ ಒಳ್ಳೆಯ ತಟ್ಟೆ ಎನಿಸಿತು. ಆಮೇಲೆ ಯೋಚನೆ ಬಂತು. ಇದರಲ್ಲಿ ಚುಕ್ಕಿ ಇಡಲು ಜಾಗವೇನೋ ಇದೆ, ಆದರೆ ಬಳೆ ಎಲ್ಲಿ ಕಾಣಬೇಕು? ಪೈರೇ ಇಲ್ಲದ ಮೇಲೆ?

"ಏನೂ ಬೆಳೀದಿದ್ರೆ..." ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಬೆಳೀದಿದ್ರೆ ಎರಡೇ ಅಮ್ಮ. ಕ್ರಿಮಿ ಇಲ್ಲ ಅನ್ನೋದೊಂದು. ಬೆರಳು ಕಪ್ಪಾಗ್ತಾ ಇರೋವಾಗ ಅದು ಸುಳ್ಳು. ಇನ್ನೊಂದು, ಕ್ರಿಮಿ ಹತ್ತಿಗೆ ಹತ್ತೋಕೆ ಮುಂಚೇನೇ ಏನೋ ಮೇಲ್ಮೇಲೆ ಸಾಯ್ಸೈತೆ. ಒಳಗಿರೋದು ಒಳಗೇ ಐತೆ."

ಅದು ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾರ್ಡಿಗೆ ವಾಪಸ್ಸು ಬರುವಾಗ ದಾರಿ ತಪ್ಪಿ ಹೆರಿಗೆ ವಾರ್ಡಿನ ಬಾಗಿಲಿಗೆ ಹೋಗಿದ್ದೆ.

೧೭-೨-೧೯೮೩, ಗುರುವಾರ

ಬೆಳಗಿನಿಂದ ಒಂದೇ ಯೋಚನೆ. ಕೆಟಲ್ ಹಿಡಿದದ್ದು ನಾನು. ಅತ್ತೆ ತೊಳೆಯುತ್ತಾರೆ, ಕ್ರಿಮಿ ಸಾಯುತ್ತದೆ. ಸತ್ತರೆ ಒಳ್ಳೆಯದಲ್ಲವೇ? ಆದರೆ ಮೇಲಿನದು ಮಾತ್ರ ಸಾಯುತ್ತದೆ, ಒಳಗಿನದು ಕೈ ತಿನ್ನುತ್ತದೆ. ತೊಳೆಯದಿದ್ದರೆ ಗಾಯ ಕೊಳಕು, ತೊಳೆದರೆ ಕ್ರಿಮಿ ಸಿಗುವುದಿಲ್ಲ. ಡಾಕ್ಟರೇ ಮೆಚ್ಚಿಕೊಂಡರು, ಸಿಸ್ಟರೂ ಹೊಗಳಿದರು. ಅವರು ಓದಿದವರು. ನಾಲ್ಕನೇ ಕ್ಲಾಸಿನವಳಿಗೆ ಹೊಳೆದದ್ದು ಅವರಿಗೆ ಹೊಳೆಯದೇ ಇರುತ್ತದೆಯೇ? ಹೊಳೆಯುವುದು ಹೇಗೆ? ಅವರು ಬರುವ ಮೊದಲೇ ನಾವು ತೊಳೆದಿರುತ್ತೇವೆ. ಹಾಗಾದರೆ ಇದು ಗೊತ್ತಿರುವುದು ಮೂರೇ ಜನಕ್ಕೆ. ಅತ್ತೆ, ಇವರು, ನಾನು.

ಸಿಸ್ಟರ ಹಿಂದೆ ಹಿಂದೆ ಎರಡು ಸಲ ಹೋದೆ. "ಏನಮ್ಮಾ?" ಎಂದರು. "ಬೆಡ್‌ಶೀಟು" ಎಂದೆ. ಬೆಡ್‌ಶೀಟು ಕೊಟ್ಟರು.

ಮಧ್ಯಾಹ್ನ ಅತ್ತೆ ನಲ್ಲಿಯ ಹತ್ತಿರ ಬಟ್ಟೆ ಒಗೆಯಲು ಹೋದಾಗ ಇವರನ್ನೇ ಕೇಳಿದೆ. ಜ್ವರದಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ತೊಳ್ಯೋದ್ ಡಾಕ್ಟ್ರಿಗೆ ಹೇಳ್ಲಾ?"

"ಹೇಳಿದ್ರೆ ಅವ್ವನ್ನ ಎಲ್ರ ಮುಂದೆ ಉಗೀತಾರೆ ಕಣೇ. ಅಪ್ಪ ಸತ್ತಾಗ ನಂಗೆ ಮೂರ್ ವರ್ಷ. ಕೂಲಿ ಮಾಡಿ ಸಾಕೈತೆ. ಮಗನ್ ಕೈ ನಾನೇ ಕಳ್ದೆ ಅಂತ ಅವ್ವಂಗೆ ಗೊತ್ತಾದ್ರೆ ಬದ್ಕಲ್ಲ. ಕೈ ಹೋದ್ರೆ ಹೋಗ್ಲಿ ಬುಡು."

"ಎಡಗೈಲಿ ಏನ್ ಮಾಡ್ತೀರಾ?"

"ಬುಡು ಅಂದ್ನಲ್ಲ!"

ಇಷ್ಟು ಜೋರಾಗಿ ಅವರು ನನಗೆ ಯಾವತ್ತೂ ಅಂದಿರಲಿಲ್ಲ. ಯಾರ ಮಾತು ಕೇಳಬೇಕು? ಗಂಡ ಬೇಡ ಎನ್ನುತ್ತಾರೆ. ಅತ್ತೆ ನಾಳೆಗೆ ಹೊಸ ಡೆಟಾಲ್ ಬಾಟಲಿ ತಂದಿಟ್ಟಿದ್ದಾರೆ. ಅಪ್ಪ ಇಲ್ಲಿ ಹತ್ತಿರದಲ್ಲಿ ಇದ್ದಿದ್ದರೆ ಕೇಳುತ್ತಿದ್ದೆ. ಕುಣಿಗಲ್ಲಿಗೆ ಕಾಗದ ಹಾಕಿ ಉತ್ತರ ಬರುವಷ್ಟರಲ್ಲಿ ಕೈ ಇರುವುದಿಲ್ಲ.

ಏನು ಮಾಡಬೇಕೋ ಗೊತ್ತಿಲ್ಲ. ಏನೂ ಗೊತ್ತಿಲ್ಲ.

೧೮-೨-೧೯೮೩, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಸರಿಯೋ ತಪ್ಪೋ ಆಮೇಲೆ ನೋಡೋಣ.

ಅತ್ತೆ ಕೆಟಲ್ ತಂದು ಕೆಳಗಿಟ್ಟರು. "ಹಿಡ್ಕ" ಎಂದರು. ನಾನು ಹಿಡಿದುಕೊಳ್ಳಲಿಲ್ಲ. ಬೆಡ್ಡಿನ ಮೇಲೆ ಕೂತು ಇವರ ಕೈಯನ್ನು ಬ್ಯಾಂಡೇಜಿನ ಸಮೇತ ಮಡಿಲಿನಲ್ಲಿಟ್ಟುಕೊಂಡೆ.

"ಬ್ಯಾಡ ಅತ್ತೆ."

"ಏನ್ ಬ್ಯಾಡ?"

"ಇವತ್ತು ತೊಳ್ಯೋದ್ ಬ್ಯಾಡ."

"ನಾತ ಹೊಡೀತಾ ಐತೆ ಕಣೇ! ಡಾಕ್ಟ್ರು ಮೂಗ್ ಮುಚ್ಕತಾರೆ."

"ಮುಚ್ಕಳ್ಳಿ."

ಅತ್ತೆ ನನ್ನನ್ನು ನೋಡಿದ ನೋಟ ಮರೆಯಲಾರೆ. ಬ್ಯಾಂಡೇಜಿನ ತುದಿಗೆ ಕೈ ಹಾಕಿದರು. ನಾನು ಅದರ ಮೇಲೆ ಕೈ ಇಟ್ಟೆ. ಇಬ್ಬರೂ ಎಳೆದಾಡಿದರೆ ಇವರಿಗೆ ನೋವಾಗುತ್ತದೆಂದು ಇಬ್ಬರೂ ಅಲ್ಲಾಡದೆ ಹಾಗೇ ಇದ್ದೆವು. ಆಚೆ ಬೆಡ್ಡಿನಿಂದ ಪುಟ್ಟರಂಗಯ್ಯ, "ಏನವ್ವ, ಬೆಳ್‌ಬೆಳಿಗ್ಗೇನೇ ಅತ್ತೆ ಸೊಸೆ ಪಟ್ಟು ಹಾಕ್ಬುಟ್ರಲ್ಲ" ಎಂದರು. ನಾವು ಯಾರೂ ನಗಲಿಲ್ಲ.

"ನಾನ್ ನನ್ ಮಗನ್ ಕೈ ಕೆಡಿಸ್ತೀನೇನೇ?" ಎಂದು ಅತ್ತೆ ಮೆಲ್ಲಗೆ ಕೇಳಿದರು. ನಾನು ಬ್ಯಾಂಡೇಜಿನ ಮೇಲಿಂದ ಕೈ ತೆಗೆಯಲಿಲ್ಲ. ಕೆಟಲ್ ನೀರು ಆರಿ ತಣ್ಣಗಾಯಿತು.

ಒಂಬತ್ತು ಗಂಟೆಗೆ ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ಕೀವು ಹಾಸಿಗೆಯ ಮೇಲೆ ಹರಿಯಿತು. ಸಿಸ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಡಾಕ್ಟರು ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ ನೋಡಿದರು.

"ಇದೇನಿದು, ರಾತ್ರೋರಾತ್ರಿ ಹಿಂಗಾಯ್ತಾ?"

"ದಿನಾ ಹಿಂಗೇ ಇತ್ತು" ಎಂದೆ. "ದಿನಾ ನೀವ್ ಬರೋಕ್ ಮುಂಚೆ ಡೆಟಾಲ್ ಹಾಕಿ ತೊಳೀತಿದ್ವಿ... ತೊಳೀತಿದ್ದೆ. ನಾನು. ಸಾಯಂಕಾಲ ಕ್ಯಾಪ್ಸೂಲ್ ಪುಡಿ ಹಾಕ್ತಿದ್ದೆ. ಅದ್ಕೇ ತಟ್ಟೇಲಿ ಏನೂ ಬೆಳೀಲಿಲ್ಲ."

ಡಾಕ್ಟರು ಬೈದರು. ತುಂಬ ಬೈದರು. ಹತ್ತು ದಿನ ಹಾಳು ಮಾಡಿದೆ, ಬುದ್ಧಿ ಇದೆಯಾ, ಕೇಳಬಾರದಿತ್ತಾ ಎಂದರು. ವಾರ್ಡಿನವರೆಲ್ಲ ಎದ್ದು ಕೂತು ನೋಡುತ್ತಿದ್ದರು. ನಾನು ಡಾಕ್ಟರ ಷರ್ಟಿನ ಗುಂಡಿ ನೋಡುತ್ತಾ ನಿಂತಿದ್ದೆ. ಅತ್ತೆ ತಲೆ ಬಗ್ಗಿಸಿಕೊಂಡಿದ್ದರು. ಇವರು ಗೋಡೆಯ ಕಡೆ ತಿರುಗಿಕೊಂಡರು. ನಾನು ಬಯಸಿದ್ದೂ ಅದೇ. ಆದರೂ ಇವರು ತಿರುಗಿಕೊಂಡದ್ದೇ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದೆ. ಒಂದು ಮಾತು ಆಡಿದ್ದರೆ ಅತ್ತೆಯ ಮಾನ ಹೋಗುತ್ತಿತ್ತು. ಆಡದೇ ಇದ್ದದ್ದಕ್ಕೆ ನನಗೇಕೆ ನೋವಾಗಬೇಕು? ಇದೂ ಅರ್ಥವಾಗುತ್ತಿಲ್ಲ.

ಈ ಸಲ ಸಲೈನ್ ನೀರಿನಿಂದ ಮೇಲಿನದನ್ನು ಒರೆಸಿ, ಆಳದಿಂದ ಕೀವು ತೆಗೆದರು. ಲ್ಯಾಬಿನ ಕಿಟಕಿಯಲ್ಲಿ ಜನವೋ ಜನ. ಹಿಂದೆ ನಿಂತರೆ ಮಧ್ಯಾಹ್ನವಾಗುತ್ತಿತ್ತು. "ಬೆಟ್ಟಯ್ಯನವ್ರೇ! ರಾಮಾಂಜಿನಯ್ಯ, ಹನ್ನೊಂದ್ನೇ ಬೆಡ್ಡು! ತೊಳ್ದಿಲ್ಲ ಈ ಸಲ, ಬೇಗ ತಗೊಳ್ಳಿ" ಎಂದು ಕೂಗಿ ಕೊಳವೆ ಕೊಟ್ಟೆ. ಅವರು ತಗೊಂಡರು. ಚೀಟಿ ಕೇಳಲಿಲ್ಲ.

೧೯-೨-೧೯೮೩

ಅತ್ತೆ ಮಾತಾಡುತ್ತಿಲ್ಲ. ಇವರಿಗೆ ಗಂಜಿ ಕುಡಿಸಿದೆ.

೨೦-೨-೧೯೮೩, ಭಾನುವಾರ

ರಜವಾದರೂ ಬೆಟ್ಟಯ್ಯನವರು ಸೈಕಲ್ ಹಾಕಿಕೊಂಡು ಕ್ಯಾತ್ಸಂದ್ರದಿಂದ ಬಂದಿದ್ದರು. ವಾರ್ಡಿನ ಬಾಗಿಲಲ್ಲೇ ನಿಂತು ಕೈ ಮಾಡಿ ಕರೆದರು. ಅತ್ತೆಯೂ ಎದ್ದು ನನ್ನ ಹಿಂದೆಯೇ ಬಂದರು.

ತಟ್ಟೆಯ ತುಂಬ ಬೆಳೆದಿತ್ತು! ಮಂಜಿನ ಹಾಗೆ, ಅಂಚಿನಿಂದ ಅಂಚಿಗೆ. ಸಂತೋಷವಾಯಿತು ಎಂದು ಬರೆಯಲು ನಾಚಿಕೆ. ಕ್ರಿಮಿ ನೋಡಿ ಸಂತೋಷಪಡುವವರುಂಟೇ? ಆದರೆ ಆಯಿತು.

ಆರು ಚುಕ್ಕಿ. ಬೆಟ್ಟಯ್ಯನವರು ಪೆನ್ಸಿಲಿನ ತುದಿಯಲ್ಲಿ ಒಂದೊಂದನ್ನೇ ತೋರಿಸಿದರು. "ಇದು ಪೆನಿಸಿಲಿನ್, ಇಷ್ಟು ದಿನ ಚುಚ್ತಿದ್ರಲ್ಲ ಅದು. ಜಗ್ಗಿಲ್ಲ. ಇದು ಪುಟ್ಟರಂಗಯ್ಯಂಗೆ ಕೊಟ್ಟಿದ್ದು. ಇದ್ಕೂ ಇಲ್ಲ. ಇದು ನಿಮ್ ಪುಡಿ ಮಾತ್ರೆ, ಡಾಕ್ಟ್ರು ಹೇಳಿ ಇಡ್ಸಿದ್ರು. ನೋಡು, ಚುಕ್ಕಿ ಮೈಮೇಲೇ ಹತ್ತಿ ಕೂತವೆ. ದಿನಾ ಚೂರ್‌ಚೂರ್ ಹಾಕಿದ್ರಲ್ಲ, ಸಾಯೋವು ಸತ್ತು ಜಗ್ಗದೇ ಇರೋವು ಉಳ್ಕಂಡವೆ."

ನಾಲ್ಕನೆಯದೂ ಐದನೆಯದೂ ಹಾಗೇ. ಆರನೆಯ ಚುಕ್ಕಿಯ ಸುತ್ತ ದುಂಡಗೆ ಬೋಳು. ಒಂದು ರೂಪಾಯಿ ನಾಣ್ಯದಷ್ಟು.

"ಜೆಂಟಾಮೈಸಿನ್" ಎಂದರು. ಹೇಳಿಸಿಕೊಂಡು ಬರೆದುಕೊಂಡೆ. ಜೆಂ-ಟಾ-ಮೈ-ಸಿನ್.

ಅತ್ತೆ ತಟ್ಟೆಯ ಮೇಲೆ ಬಗ್ಗಿ ಮೂರನೇ ಚುಕ್ಕಿಯನ್ನೇ ನೋಡುತ್ತಿದ್ದರು. "ಇದು ನಮ್ ಪುಡೀನಾ?" ಎಂದು ಎರಡನೇ ಸಲ ಕೇಳಿದರು. ಹೌದು ಎಂದರು ಬೆಟ್ಟಯ್ಯ. ಮಧ್ಯಾಹ್ನವೇ ಮೊದಲ ಇಂಜೆಕ್ಷನ್ ಬಿತ್ತು.

೨೪-೨-೧೯೮೩, ಗುರುವಾರ

ಮೂರು ದಿನದಿಂದ ಜ್ವರವಿಲ್ಲ. ಮೊಣಕೈ ಊತ ಇಳಿಯಿತು, ಚರ್ಮ ಸುಕ್ಕು ಸುಕ್ಕಾಗಿದೆ. ಕಪ್ಪಾಗಿದ್ದ ಎರಡು ಬೆರಳನ್ನು ಇವತ್ತು ತೆಗೆದರು. ಅವು ಆವಾಗಲೇ ಸತ್ತಿದ್ದವಂತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಉಳಿದವು. ಅಂಗೈ ಉಳಿಯಿತು.

ಥಿಯೇಟರಿನಿಂದ ತಂದ ಮೇಲೆ ಇವರು ನನ್ನನ್ನು ನೋಡಿದರು. ಏನೋ ಹೇಳಬೇಕೆಂದು ತುಟಿ ಅಲ್ಲಾಡಿಸಿದರು. "ನೀರು ಬೇಕಾ?" ಎಂದೆ. ತಲೆ ಆಡಿಸಿದರು. ಬೇಕೋ ಬೇಡವೋ ತಿಳಿಯಲಿಲ್ಲ, ಕೊಟ್ಟೆ. ಕುಡಿದರು.

೫-೩-೧೯೮೩, ಶನಿವಾರ

ಇವತ್ತು ಊರಿಗೆ ಕಳಿಸಿದರು. ಗುಬ್ಬಿ ಬಸ್ಸಿಗೆ ಇನ್ನೂ ಹೊತ್ತಿದೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಡಾಕ್ಟರು ಇವರಿಗೆ ಮುಷ್ಟಿ ಕಟ್ಟು ಎಂದರು. ಮೂರು ಬೆರಳು ನಿಧಾನವಾಗಿ ಮಡಿಸಿಕೊಂಡವು. ಡಾಕ್ಟರು ತಮ್ಮ ಪೆನ್ನನ್ನು ಮುಷ್ಟಿಯೊಳಗಿಟ್ಟು ಎಳೆದರು, ಬರಲಿಲ್ಲ. ನಕ್ಕರು. ಆಮೇಲೆ ನನ್ನ ಕಡೆ ನೋಡಿ ನಗು ನಿಲ್ಲಿಸಿದರು.

"ಇನ್ನು ಹದಿನೈದು ದಿನ ಮನೇಲೇ ಡ್ರೆಸ್ಸಿಂಗ್ ಮಾಡಬೇಕು. ಈ ಬಾಟಲಿ ನೀರು, ಈ ಬಟ್ಟೆ, ಅಷ್ಟೇ. ಪುಡಿ ಗಿಡಿ ಏನಾದ್ರೂ ಹಾಕಿದ್ರೆ ಮತ್ತೆ ಶುರುವಾಗುತ್ತೆ, ಆಗ ಈ ಮೂರು ಬೆರಳೂ ಉಳಿಯಲ್ಲ." ಸಾಮಾನಿನ ಟ್ರೇಯನ್ನು ಅತ್ತೆಯ ಕೈಗೆ ನೀಡಿದರು. "ನೀವು ಮಾಡಿಯಮ್ಮ. ದೊಡ್ಡೋರು, ಜವಾಬ್ದಾರಿ ಗೊತ್ತು. ಈ ಹುಡುಗಿ ಕೈಗೆ ಮಾತ್ರ ಕೊಡಬೇಡಿ."

ಅತ್ತೆಯ ಎಲೆಅಡಿಕೆ ಚೀಲದಲ್ಲಿ ಆ ಪೊಟ್ಟಣ ಇನ್ನೂ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹೇಳಲಾ? ಏನೆಂದು ಹೇಳುವುದು? ಅವತ್ತು ನಾನೇ ಎಂದವಳು ಇವತ್ತು ಅಲ್ಲ ಎಂದರೆ ಯಾರು ನಂಬುತ್ತಾರೆ? ಇವರ ಕಡೆ ನೋಡಿದೆ. ಇವರು ಅತ್ತೆಯ ಕಡೆ ನೋಡುತ್ತಿದ್ದರು. "ಅವ್ವ..." ಎಂದರು.

ಅತ್ತೆ ಟ್ರೇ ತಗೊಳ್ಳಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ನನ್ ಕೈಗೆ ಕೊಡ್ಬ್ಯಾಡಿ ಸಾಮಿ. ತೊಳ್ದೋಳು ನಾನು. ಪುಡಿ ಹಾಕ್ದೋಳೂ ನಾನೇ. ಇವ್ಳು ಕೆಟಲ್ ಹಿಡ್ಕಂಡಿದ್ಲು ಅಷ್ಟೇಯ."

ಡಾಕ್ಟರು ಟ್ರೇ ಹಿಡಿದುಕೊಂಡು ಹಾಗೇ ನಿಂತರು. "ಮತ್ತೆ ಅವತ್ತು ಈಯಮ್ಮ..."

"ಅವತ್ತು ನನ್ನ ಉಳ್ಸೋಕೆ ಹಂಗಂದ್ಲು. ನಾನು ಸುಮ್ಕಿದ್ದೆ. ಇವತ್ತೂ ಸುಮ್ಕಿದ್ರೆ ನನ್ ಮಗನ್ ಕೈ ಹೋಯ್ತದೆ."

ಡಾಕ್ಟರು ನನ್ನನ್ನು ಒಂದು ಸಲ, ಅತ್ತೆಯನ್ನು ಒಂದು ಸಲ ನೋಡಿ, ಟ್ರೇಯನ್ನು ನನ್ನ ಮುಂದಿಟ್ಟರು. "ಮಾಡಿ ತೋರ್ಸಮ್ಮ" ಎಂದರು.

ಕೈ ಸೋಪಿನಿಂದ ತೊಳೆದುಕೊಂಡೆ. ಬಾಟಲಿ ನೀರಿನಲ್ಲಿ ಬಟ್ಟೆ ಅದ್ದಿ, ಮಧ್ಯದಿಂದ ಹೊರಕ್ಕೆ ಒರೆಸಿದೆ. ಒರೆಸಿದ ಬಟ್ಟೆ ಎಸೆದು ಇನ್ನೊಂದು ತಗೊಂಡೆ. ಇವರು ಕೈಯನ್ನು ನನ್ನ ಮಂಡಿಯ ಮೇಲಿಟ್ಟು ಅಲ್ಲಾಡದೆ ಕೂತಿದ್ದರು. ಗೋಡೆಯ ಕಡೆ ತಿರುಗಲಿಲ್ಲ.

ಅತ್ತೆ ಹತ್ತಿರ ಬಂದು, ಕೈ ಇನ್ನೂ ಸೆರಗಿನಲ್ಲೇ ಇಟ್ಟುಕೊಂಡು, ಬಗ್ಗಿ ಬಗ್ಗಿ ನೋಡಿದರು. "ಇನ್ನೊಂದ್ ಸಲ ಬಿಡಿಸಿ ಹೇಳಿ ಸಾಮಿ" ಎಂದರು ಡಾಕ್ಟರಿಗೆ. "ಇವ್ಳು ತಪ್ ಮಾಡಿದ್ರೆ ನಂಗೂ ಗೊತ್ತಾಗ್ಬೇಕಲ್ಲ."

ಬೈದರೋ, ಹೊಗಳಿದರೋ, ನನಗೆ ತಿಳಿಯಲಿಲ್ಲ. ಬಟ್ಟೆ ಸುತ್ತಿ ಗಂಟು ಹಾಕಿದೆ. ಬಿಗಿಯಾಯಿತೇ ಎಂದು ಇವರನ್ನು ಕೇಳಿದೆ. ಇಲ್ಲ ಎಂದರು.